ಮೂವತ್ತೈದಕ್ಕೆ ಮುಗಿಯುತ್ತಿದ್ದ ನೌಕರಿ

ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಬೆಳಗಾಗುವುದೇ ಮಗ್ಗದ ಸದ್ದಿನಿಂದ. ಗಂಡಸು ಮಗ್ಗಕ್ಕೆ ಕೂತರೆ ಹೆಂಗಸು ರಾಟಿಯ ಮುಂದೆ ಕೂತು ಕಂಡಿಕೆ ಸುತ್ತುತ್ತಾಳೆ. ಸೀರೆ ಇಳಿದ ಮೇಲೆ ಬರುವ ಮಜೂರಿಯಲ್ಲಿ ಆ ಕಂಡಿಕೆಗೆಂದು ಬೇರೆ ಲೆಕ್ಕ ಇರುವುದಿಲ್ಲ. ಅವಳ ದುಡಿಮೆಗೆ ನಿವೃತ್ತಿಯೂ ಇಲ್ಲ. ಕಣ್ಣು ಮಂಜಾದ ಅಜ್ಜಿಯೂ ಎಳೆ ಹಿಡಿದು ಕೂತಿರುತ್ತಾಳೆ. ಜಮಖಂಡಿ, ಮುಧೋಳದ ಕಬ್ಬಿನ ಹೊಲಗಳಲ್ಲಿ, ಬೀಳಗಿಯ ಕೃಷ್ಣಾ ತೀರದ ಹಳ್ಳಿಗಳಲ್ಲಿ ಹೆಣ್ಣಾಳಿನ ಕತೆಯೂ ಇದಕ್ಕಿಂತ ಬಹಳ ಬೇರೆಯಲ್ಲ. ಮೈಯಲ್ಲಿ ಕಸುವು ಇರುವವರೆಗೆ ದುಡಿಮೆ, ಕಸುವು ಹೋದ ಮೇಲೂ ದುಡಿಮೆ.

ಇದೇ ದೇಶದಲ್ಲಿ ಇನ್ನೊಂದು ಕೆಲಸವಿತ್ತು. ಅಲ್ಲಿ ಹೆಣ್ಣು 35 ತುಂಬಿದ ದಿನ ಮನೆಗೆ ಹೋಗಬೇಕಿತ್ತು. ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾದರೆ ಅಂದೇ ಹೋಗಬೇಕಿತ್ತು. ಮೊದಲ ಸಲ ಬಸುರಾದರೂ ಹೋಗಬೇಕಿತ್ತು. ಈ ಮೂರರಲ್ಲಿ ಯಾವುದು ಮೊದಲು ಬರುತ್ತದೋ ಅದೇ ಅವಳ ನಿವೃತ್ತಿಯ ದಿನ. ಅದೇ ವಿಮಾನದಲ್ಲಿ ಅವಳ ಜೊತೆಗೇ ದುಡಿಯುತ್ತಿದ್ದ ಗಂಡಸು ಮಾತ್ರ 58ರವರೆಗೆ ನೌಕರಿಯಲ್ಲಿರುತ್ತಿದ್ದ.

ಒಂದು ಕಡೆ ಎಂದೂ ಮುಗಿಯದ ದುಡಿಮೆ, ಇನ್ನೊಂದು ಕಡೆ ಅರ್ಧಕ್ಕೇ ಕಿತ್ತುಕೊಂಡ ನೌಕರಿ. ಎರಡೂ ಕಡೆ ಹೆಣ್ಣಿನ ಕೆಲಸಕ್ಕೆ ಬೆಲೆ ಕಟ್ಟಿದವರು ಬೇರೆಯವರು. ಆ ಬೆಲೆಯನ್ನು ತಾವೇ ಕಟ್ಟಿಕೊಳ್ಳಲು ಹೊರಟ ಗಗನಸಖಿಯರ ಹೋರಾಟವನ್ನು ನಮ್ಮ ಭಾಗದ ಓದುಗರ ಮುಂದಿಡಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ನಿಯಮ ಹುಟ್ಟಿದ ಬಗೆ

ವಿಮಾನದಲ್ಲಿ ಹೆಣ್ಣುಮಕ್ಕಳು ಕೆಲಸಕ್ಕೆ ಸೇರಿದ್ದು ಅಮೆರಿಕದಲ್ಲಿ, 1930ರ ಮೇ ತಿಂಗಳಲ್ಲಿ. ಮೊದಲನೆಯವಳು ಎಲೆನ್ ಚರ್ಚ್ ಎಂಬ ನರ್ಸ್. ಆಕಾಶಯಾನಕ್ಕೆ ಹೆದರುತ್ತಿದ್ದ ಜನರಿಗೆ ನರ್ಸೊಬ್ಬಳು ಜೊತೆಗಿದ್ದರೆ ಧೈರ್ಯ ಬರುತ್ತದೆಂದು ಕಂಪನಿಗೆ ಒಪ್ಪಿಸಿದವಳು ಅವಳೇ. ಕೆಲಸದ ಜೊತೆಯಲ್ಲೇ ಷರತ್ತುಗಳೂ ಹುಟ್ಟಿದವು. ಮದುವೆಯಾಗಿರಬಾರದು, ವಯಸ್ಸು ಮೀರಿರಬಾರದು, ತೂಕ ಹೆಚ್ಚಿರಬಾರದು. 1945ರಲ್ಲಿ ಅಮೆರಿಕದ ಯುನೈಟೆಡ್ ವಿಮಾನ ಸಂಸ್ಥೆಯ ಏಡಾ ಬ್ರೌನ್ ತನ್ನ ಜೊತೆಗಾತಿಯರನ್ನು ಸೇರಿಸಿ ಗಗನಸಖಿಯರ ಮೊದಲ ಸಂಘವನ್ನು ಕಟ್ಟಿದಳು.

ನಮ್ಮಲ್ಲಿ ಜೆ.ಆರ್.ಡಿ. ಟಾಟಾ 1932ರಲ್ಲಿ ಆರಂಭಿಸಿದ ವಿಮಾನ ಸೇವೆ 1946ರಲ್ಲಿ ಏರ್ ಇಂಡಿಯಾ ಆಯಿತು. 1948ರ ಜೂನ್‌ನಲ್ಲಿ ‘ಮಲಬಾರ್ ಪ್ರಿನ್ಸೆಸ್’ ಎಂಬ ವಿಮಾನ ಮುಂಬೈಯಿಂದ ಲಂಡನ್ನಿಗೆ ಹಾರಿತು. 1953ರಲ್ಲಿ ವಿಮಾನಯಾನವನ್ನು ರಾಷ್ಟ್ರೀಕರಣ ಮಾಡಿದಾಗ ಎರಡು ನಿಗಮಗಳಾದವು. ಹೊರದೇಶಗಳಿಗೆ ಏರ್ ಇಂಡಿಯಾ, ದೇಶದೊಳಗೆ ಇಂಡಿಯನ್ ಏರ್‌ಲೈನ್ಸ್. ಸರಕಾರವೇ ಧಣಿಯಾಯಿತು. ಹೀಗಿದ್ದರೂ ಪರದೇಶದ ಖಾಸಗಿ ಕಂಪನಿಗಳು ಬರೆದುಕೊಂಡ ಷರತ್ತುಗಳೇ ಸ್ವತಂತ್ರ ಭಾರತದ ಸರಕಾರಿ ನಿಗಮದ ಸೇವಾ ನಿಯಮಗಳಾಗಿ ಕೂತವು. ಏರ್ ಇಂಡಿಯಾದ 46ನೆಯ ನಿಯಮ ಮೇಲೆ ಹೇಳಿದ ಮೂರು ಷರತ್ತುಗಳನ್ನು ಹೇಳುತ್ತಿತ್ತು. 47ನೆಯ ನಿಯಮದ ಪ್ರಕಾರ, ವ್ಯವಸ್ಥಾಪಕ ನಿರ್ದೇಶಕರಿಗೆ ಮನಸ್ಸು ಬಂದರೆ 35ರ ಮೇಲೆ 45ರವರೆಗೆ ವರ್ಷ ವರ್ಷಕ್ಕೂ ಸೇವೆ ವಿಸ್ತರಿಸಬಹುದಿತ್ತು. ಯಾರಿಗೆ ಕೊಡಬೇಕು, ಯಾರಿಗೆ ಬೇಡ ಎಂಬುದಕ್ಕೆ ಅಳತೆಗೋಲು ಮಾತ್ರ ಬರೆದಿರಲಿಲ್ಲ.

ಸಂಘಗಳು ಸುಮ್ಮನಿರಲಿಲ್ಲ. ನೌಕರರ ಬೇಡಿಕೆಗಳು ನ್ಯಾಯಮೂರ್ತಿ ಖೋಸ್ಲಾ ಅವರ ಕೈಗಾರಿಕಾ ನ್ಯಾಯಮಂಡಳಿಯ ಮುಂದೆ ಹೋದವು. 1965ರಲ್ಲಿ ತೀರ್ಪು ಬಂತು. ತರತರದ ಸ್ವಭಾವದ ಪ್ರಯಾಣಿಕರನ್ನು ಸಂಭಾಳಿಸಲು ಎಳೆ ವಯಸ್ಸಿನ, ಚೆಂದದ ಹುಡುಗಿಯರೇ ಬೇಕು ಎಂದು ಆಡಳಿತ ವಾದಿಸಿತು. ಮಂಡಳಿ ಅದಕ್ಕೆ ಎರಡನೆಯ ಮಾತಿಲ್ಲವೆಂಬಂತೆ ಒಪ್ಪಿಗೆ ಕೊಟ್ಟಿತು. ಈ ಹುಡುಗಿಯರು ನೌಕರಿಯನ್ನು ಬದುಕಿನ ದಾರಿಯೆಂದು ಭಾವಿಸುವುದಿಲ್ಲ, ಮದುವೆಯಾಗಿ ಹೊರಟುಹೋಗುತ್ತಾರೆ ಎಂಬ ಮಾತೂ ಅಲ್ಲಿ ದಾಖಲಾಯಿತು. ಮದುವೆಯಾದರೆ ಕೆಲಸ ಬಿಡಬೇಕೆಂದು ನಿಯಮ ಮಾಡಿ, ಆಮೇಲೆ ಮದುವೆಯಾಗಿ ಬಿಟ್ಟುಹೋಗುತ್ತಾರೆ ಎಂದು ದೂರುವ ಈ ತರ್ಕವನ್ನು ಕೇಳುವವರು ಆಗ ಕಡಿಮೆ. 1972ರಲ್ಲಿ ಇನ್ನೊಂದು ಮಂಡಳಿಯಾದ ಮಹೇಶ್ ನ್ಯಾಯಮಂಡಳಿಯ ತೀರ್ಪು ಬಂದಾಗಲೂ ವಯಸ್ಸಿನ ಗೆರೆ ಅಳಿಯಲಿಲ್ಲ.

ನೆಲದ ಮೇಲಿನ ಹೆಣ್ಣುಮಕ್ಕಳಿಗೆ ಅಷ್ಟರಲ್ಲೇ ಒಂದು ಗೆಲುವು ಸಿಕ್ಕಿತ್ತು. ಮುಂಬೈಯ ಔಷಧ ಕಂಪನಿಯೊಂದರ ಪ್ಯಾಕಿಂಗ್ ವಿಭಾಗದಲ್ಲಿ ಮದುವೆಯಾದ ಹೆಣ್ಣಾಳುಗಳನ್ನು ಕೆಲಸದಿಂದ ತೆಗೆಯುವ ನಿಯಮವಿತ್ತು. ಬಾಂಬೆ ಲೇಬರ್ ಯೂನಿಯನ್ ಅದನ್ನು ಸುಪ್ರೀಂ ಕೋರ್ಟಿನವರೆಗೆ ಒಯ್ದು, 1960ರ ದಶಕದ ಮಧ್ಯದಲ್ಲೇ ತೆಗೆಸಿಹಾಕಿತು. ಮದುವೆಯಾದವಳು ಕೆಲಸಕ್ಕೆ ತಪ್ಪಿಸಿಕೊಳ್ಳುತ್ತಾಳೆ ಎಂಬ ಊಹೆಗೆ ಆಧಾರವಿಲ್ಲವೆಂದು ನ್ಯಾಯಾಲಯ ಹೇಳಿತು. ನೆಲದ ಮೇಲೆ ಸಂದ ಈ ನ್ಯಾಯ ಆಕಾಶಕ್ಕೆ ಏರಲು ಇನ್ನೂ ಬಹಳ ವರ್ಷ ಬೇಕಿತ್ತು.

ವಿರಾಜಪೇಟೆಯ ಮುತ್ತಮ್ಮ, ಸಾವಳಗಿಯ ಜತ್ತಿ

ಈ ಕತೆಯಲ್ಲಿ ಕರ್ನಾಟಕದ ಎರಡು ಹೆಸರುಗಳನ್ನು ನೆನೆಯಲೇಬೇಕು.

ಮೊದಲನೆಯದು ಕೊಡಗಿನ ವಿರಾಜಪೇಟೆಯ ಸಿ.ಬಿ. ಮುತ್ತಮ್ಮ. 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಆ ಸೇವೆಯ ನಿಯಮದಂತೆ ಮಹಿಳಾ ಅಧಿಕಾರಿ ಮದುವೆಯಾಗುವ ಮೊದಲು ಸರಕಾರದ ಲಿಖಿತ ಅನುಮತಿ ಪಡೆಯಬೇಕಿತ್ತು. ಸಂಸಾರದಿಂದ ಕೆಲಸ ಕೆಡುತ್ತದೆಂದು ಸರಕಾರಕ್ಕೆ ಅನಿಸಿದರೆ ಅವಳಿಂದ ರಾಜೀನಾಮೆ ಕೇಳಬಹುದಿತ್ತು. ಗಂಡಸಿಗೆ ಇಂಥ ಯಾವ ಕಟ್ಟೂ ಇರಲಿಲ್ಲ. ಬಡ್ತಿ ತಪ್ಪಿದಾಗ ಮುತ್ತಮ್ಮ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. 1979ರ ಸೆಪ್ಟೆಂಬರ್‌ನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಆ ನಿಯಮಗಳನ್ನು ಕಟುವಾಗಿ ಖಂಡಿಸಿದರು. ಹೆಂಡತಿಯ ಸಂಸಾರ ಅವಳ ಕೆಲಸಕ್ಕೆ ಅಡ್ಡಿಯಾಗುವುದಾದರೆ ಗಂಡನ ಸಂಸಾರ ಅವನ ಕೆಲಸಕ್ಕೂ ಅಡ್ಡಿಯಾಗಬೇಕಲ್ಲವೇ ಎಂಬ ಅರ್ಥದ ಪ್ರಶ್ನೆ ಆ ತೀರ್ಪಿನಲ್ಲಿತ್ತು.

ಎರಡನೆಯ ಹೆಸರು ನಮ್ಮ ಜಮಖಂಡಿ ತಾಲ್ಲೂಕಿನ ಸಾವಳಗಿಯ ಬಸಪ್ಪ ದಾನಪ್ಪ ಜತ್ತಿ ಅವರದು. ಜಮಖಂಡಿ ಸಂಸ್ಥಾನದ ರಾಜಕಾರಣದಿಂದ ಮೇಲೆ ಬಂದು, ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿ, 1974ರಿಂದ 1979ರವರೆಗೆ ಉಪರಾಷ್ಟ್ರಪತಿಯಾಗಿದ್ದವರು. ಉಪರಾಷ್ಟ್ರಪತಿ ರಾಜ್ಯಸಭೆಯ ಸಭಾಪತಿಯೂ ಹೌದು. ಅವರು ಸಭಾಪತಿಯಾಗಿದ್ದ ಅವಧಿಯಲ್ಲೇ, 1976ರಲ್ಲಿ, ಸಮಾನ ವೇತನ ಕಾಯ್ದೆ ಬಂತು. ಒಂದೇ ಬಗೆಯ ಕೆಲಸಕ್ಕೆ ಹೆಣ್ಣು-ಗಂಡಿಗೆ ಒಂದೇ ಸಂಬಳ ಎಂಬುದು ಕಾನೂನಾಯಿತು. ಅದೇ ವರ್ಷ ಯುರೋಪಿನಲ್ಲೂ ಇಂಥದೇ ಮಾತು ಗೆದ್ದಿತು. ಬೆಲ್ಜಿಯಂನ ಸಬೇನಾ ವಿಮಾನ ಸಂಸ್ಥೆಯ ಗಗನಸಖಿ ಗೇಬ್ರಿಯಲ್ ಡಿಫ್ರೆನ್‌ಳನ್ನು 40ಕ್ಕೆ ಮನೆಗೆ ಕಳಿಸಿದ್ದರು. ಸಮಾನ ಕೆಲಸಕ್ಕೆ ಸಮಾನ ಸಂಬಳ ಕೇಳುವ ಅವಳ ಹಕ್ಕನ್ನು ಯುರೋಪಿನ ನ್ಯಾಯಾಲಯ 1976ರ ಏಪ್ರಿಲ್‌ನಲ್ಲಿ ಎತ್ತಿಹಿಡಿಯಿತು.

ನಮ್ಮ ಕಾಯ್ದೆಗೆ ಒಂದು ಹಿಂಬಾಗಿಲಿತ್ತು. ಅದರ 16ನೆಯ ಕಲಮಿನಂತೆ, ಯಾವುದಾದರೂ ಸಂಸ್ಥೆಯಲ್ಲಿ ಸಂಬಳದ ವ್ಯತ್ಯಾಸಕ್ಕೆ ಲಿಂಗ ಕಾರಣವಲ್ಲ ಎಂದು ಸರಕಾರ ಘೋಷಿಸಿದರೆ ಅಲ್ಲಿಗೆ ಮಾತು ಮುಗಿಯುತ್ತಿತ್ತು. 1979ರಲ್ಲಿ ಕೇಂದ್ರ ಸರಕಾರ ವಿಮಾನದ ಸಿಬ್ಬಂದಿಯ ವಿಷಯದಲ್ಲಿ ಅದೇ ಘೋಷಣೆ ಹೊರಡಿಸಿತು. ಹೆಣ್ಣುಮಕ್ಕಳಿಗೆಂದು ಬಂದ ಕಾಯ್ದೆ ಅವರ ಎದುರಾಳಿಯ ಕೈಗೇ ಗುರಾಣಿಯಾಯಿತು.

1981ರ ತೀರ್ಪು

ಏರ್ ಇಂಡಿಯಾದ ಗಗನಸಖಿ ನರ್ಗೇಶ್ ಮೀರ್ಜಾ ಮತ್ತು ಅವರ ಜೊತೆಗಾತಿಯರ ಮೊಕದ್ದಮೆ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠದ ಮುಂದೆ ಬಂತು. ತೀರ್ಪು ಬರೆದವರು ನ್ಯಾಯಮೂರ್ತಿ ಮುರ್ತಜಾ ಫಜಲ್ ಅಲಿ. ದಿನಾಂಕ 1981ರ ಆಗಸ್ಟ್ 28. ಗಗನಸಖಿಯರ ವಾದ ಸರಳವಾಗಿತ್ತು. ವಿಮಾನದೊಳಗೆ ಗಂಡಸರೂ ನಾವೂ ಮಾಡುವುದು ಒಂದೇ ಕೆಲಸ, ಹಾಗಿರುವಾಗ ಅವರಿಗೊಂದು ನಮಗೊಂದು ಕಾನೂನು ಸಂವಿಧಾನಕ್ಕೆ ಒಪ್ಪುತ್ತದೆಯೇ ಎಂದು ಅವರು ಕೇಳಿದರು.

ನ್ಯಾಯಾಲಯ ಕೊಟ್ಟ ಉತ್ತರ ಅರ್ಧ ಬೆಳಕು, ಅರ್ಧ ಕತ್ತಲೆ.

ಬಸುರಾದರೆ ನೌಕರಿ ಹೋಗುತ್ತದೆಂಬ ನಿಯಮವನ್ನು ಅದು ಕಿತ್ತೆಸೆಯಿತು. ಇದು ನಿರಂಕುಶ, ಅಮಾನವೀಯ, ಭಾರತದ ಹೆಣ್ತನಕ್ಕೆ ಮಾಡಿದ ಅವಮಾನ ಎಂಬಷ್ಟು ಗಟ್ಟಿ ಮಾತುಗಳಲ್ಲಿ ಖಂಡಿಸಿತು. ತಾಯ್ತನಕ್ಕೆ ದಂಡ ಹಾಕಬಾರದು ಎಂಬ ತತ್ವ ಅಂದು ಈ ದೇಶದ ಕಾನೂನಿನಲ್ಲಿ ಬೇರೂರಿತು. ವ್ಯವಸ್ಥಾಪಕ ನಿರ್ದೇಶಕರ ಮರ್ಜಿಯ ಮೇಲೆ ನಿಂತಿದ್ದ ಸೇವಾ ವಿಸ್ತರಣೆಯ ಅಧಿಕಾರವೂ ಬಿದ್ದುಹೋಯಿತು. ಅದರಿಂದ 45ರವರೆಗೆ ಹಾರುವ ದಾರಿ ತೆರೆಯಿತು.

ಇನ್ನರ್ಧ ನೋವಿನದು. ಗಗನಸಖಿಯರೂ ಪರ್ಸರ್ ಎನಿಸಿಕೊಂಡ ಗಂಡು ಸಿಬ್ಬಂದಿಯೂ ಬೇರೆ ಬೇರೆ ವರ್ಗ, ಆದ್ದರಿಂದ ಹೋಲಿಕೆಯೇ ಸಲ್ಲದು ಎಂದಿತು ನ್ಯಾಯಾಲಯ. ಸೇರ್ಪಡೆಯ ಬಗೆ ಬೇರೆ, ಬಡ್ತಿಯ ದಾರಿ ಬೇರೆ, ಸೇವಾ ಷರತ್ತು ಬೇರೆ ಎಂಬುದು ಅದರ ಕಾರಣ. ಆ ಬೇರೆತನವನ್ನು ಸೃಷ್ಟಿಸಿದ್ದೇ ನಿಗಮ, ಈಗ ಅದೇ ಬೇರೆತನ ನಿಗಮದ ಸಮರ್ಥನೆಯಾಯಿತು. ನಾಲ್ಕು ವರ್ಷದೊಳಗೆ ಮದುವೆಯಾಗಬಾರದೆಂಬ ನಿಯಮವನ್ನೂ ನ್ಯಾಯಾಲಯ ಉಳಿಸಿತು. 19ಕ್ಕೆ ಸೇರಿದವಳು 23ಕ್ಕೆ ಪ್ರೌಢಳಾಗಿರುತ್ತಾಳೆ, ಮದುವೆ ಗಟ್ಟಿಯಾಗಿ ಉಳಿಯುತ್ತದೆ, ಕುಟುಂಬ ಯೋಜನೆಗೂ ಒಳ್ಳೆಯದು ಎಂದು ಹೇಳಿತು. ಮೂರನೆಯ ಬಸುರಿಗೆ ನೌಕರಿ ಕೊನೆಗಾಣಿಸುವ ತಿದ್ದುಪಡಿಗೂ ಅದರಿಂದ ಮೆಚ್ಚುಗೆ ಸಿಕ್ಕಿತು. ಔಷಧ ಪ್ಯಾಕ್ ಮಾಡುವ ಹೆಣ್ಣಿಗೆ ಸಂದ ನ್ಯಾಯ ವಿಮಾನದಲ್ಲಿ ದುಡಿಯುವ ಹೆಣ್ಣಿಗೆ ಪೂರ್ತಿ ಸಲ್ಲಲಿಲ್ಲ.

ಆ ತೀರ್ಪನ್ನು ಇವತ್ತು ಓದುವಾಗ, ಹೊಗಳಬೇಕಾದ್ದನ್ನು ಹೊಗಳಿ, ತಪ್ಪಿದ್ದನ್ನು ತಪ್ಪೆಂದೇ ಹೇಳಬೇಕು. ಒಬ್ಬಳ ಮದುವೆ ಯಾವಾಗ ಎಂಬುದು ಅವಳ ಧಣಿ ನಿರ್ಧರಿಸುವ ಮಾತಲ್ಲ.

ಆ ಕೆಲಸ ಏನು?

ಗಗನಸಖಿ ಎಂಬ ಪದ ಕನ್ನಡಕ್ಕೆ ಚೆಂದವಾಗಿ ಒಗ್ಗಿದೆ. ಆದರೆ ಆ ಪದದಲ್ಲಿ ಸಖಿ ಇದ್ದಾಳೆ, ಕೆಲಸಗಾರ್ತಿ ಇಲ್ಲ. ತಟ್ಟೆ ತರುವವಳು, ನಗುವವಳು ಎಂಬ ಚಿತ್ರವಷ್ಟೇ ನಮ್ಮ ಕಣ್ಣಿಗೆ ಬರುತ್ತದೆ. ನಿಜದಲ್ಲಿ ಕಾನೂನು ಆಕೆಯನ್ನು ವಿಮಾನದಲ್ಲಿ ನಿಲ್ಲಿಸಿರುವುದು ಜೀವ ಉಳಿಸಲು. ಪ್ರತಿ 50 ಸೀಟಿಗೆ ಒಬ್ಬರಾದರೂ ಇರಲೇಬೇಕೆಂಬ ಲೆಕ್ಕ ಊಟ ಹಂಚಲು ಹಾಕಿದ್ದಲ್ಲ. ಬೆಂಕಿ ಹತ್ತಿದರೆ ಕತ್ತಲಲ್ಲೂ ಬಾಗಿಲು ತೆಗೆದು, ಜಾರುಬಂಡಿ ಬಿಚ್ಚಿ, ಜನರನ್ನು ಹೊರಗೆ ತಳ್ಳುವುದು ಅವರ ತರಬೇತಿಯ ತಿರುಳು. ಹೊಸ ಮಾದರಿಯ ವಿಮಾನ ತಯಾರಾದಾಗ ಅದು 90 ಸೆಕೆಂಡಿನಲ್ಲಿ, ಅರ್ಧ ಬಾಗಿಲುಗಳಿಂದಲೇ ಖಾಲಿಯಾಗುತ್ತದೆಂದು ಪರೀಕ್ಷಿಸಿ ತೋರಿಸಬೇಕು.

ತೀರ್ಪು ಬಂದು ಐದು ವರ್ಷಕ್ಕೆ, 1986ರ ಸೆಪ್ಟೆಂಬರ್ 5ರಂದು, ಕರಾಚಿಯಲ್ಲಿ ಪ್ಯಾನ್ ಆಮ್ ವಿಮಾನವನ್ನು ಉಗ್ರರು ಹಿಡಿದರು. ಪೈಲಟ್‌ಗಳು ಹೊರಗೆ ಪಾರಾದ ಮೇಲೆ ಪ್ರಯಾಣಿಕರಿಗೆ ಉಳಿದದ್ದು ಕ್ಯಾಬಿನ್ ಸಿಬ್ಬಂದಿ ಮಾತ್ರ. ಅವರಲ್ಲಿ ಒಬ್ಬರಾದ 22ರ ನೀರಜಾ ಭಾನೋಟ್ ಬಾಗಿಲು ತೆರೆದು ಜನರನ್ನು ಹೊರಗೆ ಕಳಿಸುತ್ತ ಗುಂಡೇಟಿಗೆ ಬಲಿಯಾದರು. ದೇಶ ಅವರಿಗೆ ಅಶೋಕ ಚಕ್ರ ಕೊಟ್ಟಿತು. ನಮ್ಮ ನೆಲದಲ್ಲೂ ಅಂಥ ನೋವಿದೆ. 2010ರ ಮೇ 22ರ ಬೆಳಗಿನಲ್ಲಿ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯ ಗುಡ್ಡದ ರನ್‌ವೇ ದಾಟಿ ಕಣಿವೆಗೆ ಉರುಳಿತು. ಒಳಗಿದ್ದ 166 ಜನರಲ್ಲಿ 158 ಮಂದಿ ತೀರಿಕೊಂಡರು, ಬದುಕಿದ್ದು 8 ಪ್ರಯಾಣಿಕರು. ಕೆಲಸದ ಮೇಲಿದ್ದ ಆರೂ ಸಿಬ್ಬಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಇಂಥ ಕೆಲಸಕ್ಕೆ ಬೇಕಾದದ್ದು ಅನುಭವ. ಅನುಭವ ವಯಸ್ಸಿನ ಜೊತೆಗೇ ಬರುತ್ತದೆ.

45, 50, 58

1981ರ ನಂತರ ಹೋರಾಟ ಇಂಚಿಂಚಾಗಿ ಸಾಗಿತು. 1989ರ ಅಕ್ಟೋಬರ್ 16ರಂದು ಕೇಂದ್ರ ಸರಕಾರ ಗಗನಸಖಿಯರ ನಿವೃತ್ತಿ ವಯಸ್ಸನ್ನೂ 58ಕ್ಕೆ ಏರಿಸಲು ಏರ್ ಇಂಡಿಯಾಕ್ಕೆ ನಿರ್ದೇಶನ ಕೊಟ್ಟಿತು. ನಿಗಮ ಅದನ್ನು ತನ್ನ ರೀತಿಯಲ್ಲಿ ಓದಿಕೊಂಡಿತು. 45ರವರೆಗೆ ಹಾರಾಟ, ಆಮೇಲೆ ನೆಲದ ಕೆಲಸ. ಹಾರಾಟ ನಿಂತರೆ ಹಾರಾಟದ ಭತ್ಯೆಯೂ ನಿಲ್ಲುತ್ತದೆ. ಸಂಬಳದ ದೊಡ್ಡ ಪಾಲು ಆ ಭತ್ಯೆಯಲ್ಲೇ ಇತ್ತು. 1997ರಲ್ಲಿ ಸಂಘದೊಂದಿಗೆ ಆದ ಒಪ್ಪಂದದಲ್ಲಿ ಹಾರಾಟದ ಗೆರೆ 50ಕ್ಕೆ ಸರಿಯಿತು.

ಇಲ್ಲಿ ಸಂಘದ ಇತಿಹಾಸದ ಅತ್ಯಂತ ಕಹಿ ಅಧ್ಯಾಯ ಬರುತ್ತದೆ. ಗಂಡಸರು 58ರವರೆಗೆ ಹಾರುವಾಗ ನಾವೇಕೆ 50ಕ್ಕೆ ಇಳಿಯಬೇಕು ಎಂದು ಕೆಲವು ಹಿರಿಯ ಗಗನಸಖಿಯರು ನ್ಯಾಯಾಲಯಕ್ಕೆ ಹೋದರು. ಬಾಂಬೆ ಹೈಕೋರ್ಟ್ 2001ರಲ್ಲಿ ಅವರ ಪರ ನಿಂತಿತು. ಆದರೆ ಸುಪ್ರೀಂ ಕೋರ್ಟಿನಲ್ಲಿ ಅವರ ಎದುರಿಗೆ ನಿಂತವರಲ್ಲಿ ಏರ್ ಇಂಡಿಯಾ ಕ್ಯಾಬಿನ್ ಕ್ರೂ ಅಸೋಸಿಯೇಷನ್ ಕೂಡ ಇತ್ತು. ಒಪ್ಪಂದಕ್ಕೆ ಸಹಿ ಹಾಕಿದ ಸಂಘ ಅದನ್ನು ಕಾಯಲು ಹೊರಟಿತ್ತು. 2003ರ ಜುಲೈ 11ರಂದು ಸುಪ್ರೀಂ ಕೋರ್ಟ್ ಒಪ್ಪಂದವನ್ನೇ ಎತ್ತಿಹಿಡಿದು ಹೈಕೋರ್ಟಿನ ತೀರ್ಪನ್ನು ರದ್ದುಮಾಡಿತು. ಸಂಘ ಇದ್ದರೆ ಸಾಲದು, ಸಂಘದೊಳಗೆ ಹೆಣ್ಣಿನ ಮಾತಿಗೂ ತೂಕ ಇರಬೇಕು ಎಂಬುದನ್ನು ಈ ಸೋಲು ಕಲಿಸಿತು.

ಕೆಲಸದ ಹಿರಿತನದಲ್ಲೂ ತಾರತಮ್ಯವಿತ್ತು. ವಿಮಾನದೊಳಗಿನ ಮೇಲ್ವಿಚಾರಕರ ಹುದ್ದೆ ಗಂಡಸರಿಗೆ ಮೀಸಲಾಗಿತ್ತು. ಎಷ್ಟು ವರ್ಷ ಹಾರಿದ ಹೆಣ್ಣಾದರೂ ಕಿರಿಯ ಗಂಡಸಿನ ಕೈಕೆಳಗೇ ದುಡಿಯಬೇಕಿತ್ತು. 2005ರ ಡಿಸೆಂಬರ್‌ನಲ್ಲಿ ಏರ್ ಇಂಡಿಯಾ ಆ ಹುದ್ದೆಯನ್ನು ಹೆಣ್ಣುಮಕ್ಕಳಿಗೂ ತೆರೆಯಿತು. ಗಂಡು ಸಿಬ್ಬಂದಿಯಲ್ಲಿ ಕೆಲವರು ದಾವೆ ಹೂಡಿದರು. 2007ರಲ್ಲಿ ದೆಹಲಿ ಹೈಕೋರ್ಟ್, 2011ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೆಣ್ಣುಮಕ್ಕಳ ಪರ ತೀರ್ಪು ಕೊಟ್ಟವು. ಮುತ್ತಮ್ಮನವರ ತೀರ್ಪು ಬಂದು ಅಷ್ಟೊತ್ತಿಗೆ 32 ವರ್ಷ ಕಳೆದಿತ್ತು.

ಖಾಸಗಿ ಆಕಾಶ

ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಬೆಂಗಳೂರಿನಿಂದ ಏರ್ ಡೆಕ್ಕನ್ ಆರಂಭಿಸಿದ ಮೇಲೆ ವಿಮಾನ ನಮ್ಮ ಹುಬ್ಬಳ್ಳಿಯಂಥ ಊರುಗಳಿಗೂ ಹತ್ತಿರವಾಯಿತು. ಹೊಸ ಹೊಸ ಕಂಪನಿಗಳು ಬಂದವು, ಸಾವಿರಾರು ಹುಡುಗ-ಹುಡುಗಿಯರಿಗೆ ಕೆಲಸ ಸಿಕ್ಕಿತು. ಆದರೆ ಸರಕಾರಿ ನಿಗಮದಲ್ಲಿದ್ದಂಥ ಹಳೆಯ, ಗಟ್ಟಿ ಸಂಘಗಳು ಈ ಕಂಪನಿಗಳಲ್ಲಿ ಬೆಳೆಯಲಿಲ್ಲ. ಅದರ ಬೆಲೆ 2012ರಲ್ಲಿ ಗೊತ್ತಾಯಿತು. ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಅವರ ಕಿಂಗ್‌ಫಿಷರ್ ಏರ್‌ಲೈನ್ಸ್‌ನಲ್ಲಿ ತಿಂಗಳುಗಟ್ಟಲೆ ಸಂಬಳ ಬರಲಿಲ್ಲ. ಆ ವರ್ಷದ ಅಕ್ಟೋಬರ್‌ನಲ್ಲಿ ವಿಮಾನಗಳು ನಿಂತವು, 20ರಂದು ಪರವಾನಗಿ ಅಮಾನತಾಯಿತು. ಕೆಂಪು ಸಮವಸ್ತ್ರದ ಆ ಗಗನಸಖಿಯರು ಜಾಹೀರಾತುಗಳಲ್ಲಿ ಊರೂರಿಗೆ ಪರಿಚಿತರಾಗಿದ್ದರು. ಬಾಕಿ ಸಂಬಳಕ್ಕಾಗಿ ಅವರು ಬೀದಿಗೆ ಬಂದಾಗ ಅವರ ಬೆನ್ನಿಗೆ ನಿಲ್ಲುವ ಕೈಗಳು ಕಡಿಮೆಯಿದ್ದವು.

2024ರಲ್ಲಿ ಚಿತ್ರ ಬದಲಾಯಿತು. ಏರ್ ಇಂಡಿಯಾ 2022ರ ಜನವರಿಯಲ್ಲಿ ಮತ್ತೆ ಟಾಟಾ ಸಮೂಹದ ಕೈಸೇರಿತ್ತು. ಬೆಂಗಳೂರಿನಲ್ಲಿ ನೆಲೆಯಿದ್ದ ಎಐಎಕ್ಸ್ ಕನೆಕ್ಟ್ ಕಂಪನಿಯನ್ನು ಏರ್ ಇಂಡಿಯಾ ಎಕ್ಸ್‌ಪ್ರೆಸ್ ಜೊತೆ ವಿಲೀನ ಮಾಡುವ ಕೆಲಸ ನಡೆದಿತ್ತು. ಹೊಸ ಷರತ್ತು, ಕಡಿತವಾದ ಭತ್ಯೆ, ಹಿರಿಯರಿಗೆ ಸಿಗದ ಹುದ್ದೆಗಳ ಬಗ್ಗೆ ಸಿಬ್ಬಂದಿಯಲ್ಲಿ ಅಸಮಾಧಾನವಿತ್ತು. ಮೇ 7ರ ರಾತ್ರಿಯಿಂದ 200ಕ್ಕೂ ಹೆಚ್ಚು ಕ್ಯಾಬಿನ್ ಸಿಬ್ಬಂದಿ ಮೈಗೆ ಹುಷಾರಿಲ್ಲವೆಂದು ತಿಳಿಸಿ ಒಟ್ಟಿಗೆ ರಜೆ ಹಾಕಿದರು. ವಿಮಾನಗಳು ರದ್ದಾದವು. ಮಂಗಳೂರು, ಕೇರಳದ ಊರುಗಳಿಂದ ಕೊಲ್ಲಿಗೆ ಹೊರಟ ದುಡಿಯುವ ಜನಕ್ಕೆ ತೊಂದರೆಯೂ ಆಯಿತು. ಕಂಪನಿ 25 ಮಂದಿಯನ್ನು ವಜಾ ಮಾಡಿತು. ಭಾರತೀಯ ಮಜ್ದೂರ್ ಸಂಘಕ್ಕೆ ಸೇರಿದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ನೌಕರರ ಸಂಘ ಮೇ 9ರಂದು ದೆಹಲಿಯಲ್ಲಿ ಮುಖ್ಯ ಕಾರ್ಮಿಕ ಆಯುಕ್ತರ ಎದುರು ಮಾತಿಗೆ ಕೂತಿತು. ವಜಾ ಆದೇಶ ಹಿಂದಕ್ಕೆ ಬಂತು, ಸಿಬ್ಬಂದಿ ಕೆಲಸಕ್ಕೆ ಮರಳಿದರು. ಕಿಂಗ್‌ಫಿಷರ್ ಸಿಬ್ಬಂದಿಗೂ ಇವರಿಗೂ ನಡುವಿನ ವ್ಯತ್ಯಾಸ ಇಷ್ಟೇ: ಇವರಿಗೆ ನೋಂದಣಿಯಾದ ಸಂಘವೊಂದಿತ್ತು.

ಮುಂದಿನ ದಾರಿ ಸಲೀಸಲ್ಲ. 2025ರ ನವೆಂಬರ್ 21ರಿಂದ ಜಾರಿಯಾದ ಕೈಗಾರಿಕಾ ಸಂಬಂಧ ಸಂಹಿತೆಯಂತೆ ಅರ್ಧದಷ್ಟು ನೌಕರರು ಒಂದೇ ದಿನ ಒಟ್ಟಾಗಿ ಸಾಂದರ್ಭಿಕ ರಜೆ ಹಾಕಿದರೂ ಅದು ಮುಷ್ಕರವೇ. ಮುಷ್ಕರಕ್ಕೆ ಮುಂಚೆ 14 ದಿನಗಳ ನೋಟಿಸ್ ಬೇಕು. ಇನ್ನೊಂದು ಮಾತೂ ಅದರಲ್ಲಿದೆ. ಶೇ 51ರಷ್ಟು ನೌಕರರು ಸದಸ್ಯರಾಗಿರುವ ಸಂಘವೇ ಏಕೈಕ ಮಾತುಕತೆಯ ಸಂಘ. ಅಂದರೆ ಚದುರಿದವರಿಗೆ ಬಾಯಿಲ್ಲ, ಕೂಡಿದವರಿಗೆ ಉಂಟು.

ನಮ್ಮ ಹೆಣ್ಣುಮಕ್ಕಳಿಗೆ

ಇವತ್ತು ಬಸುರಾದ ಗಗನಸಖಿ ಹಾರಾಟದಿಂದ ಇಳಿಯುತ್ತಾಳೆ, ನೌಕರಿಯಿಂದ ಇಳಿಯುವುದಿಲ್ಲ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳ ಸಹಿತ ಹೆರಿಗೆ ರಜೆ ಕಾನೂನಿನಲ್ಲೇ ಇದೆ. ಇದನ್ನು ಯಾರೂ ದಯಪಾಲಿಸಲಿಲ್ಲ. ನ್ಯಾಯಮಂಡಳಿಯಲ್ಲಿ ಸೋತವರು, ಅರ್ಧ ಗೆದ್ದವರು, ತಮ್ಮ ಸಂಘದ ಎದುರೇ ನಿಲ್ಲಬೇಕಾಗಿ ಬಂದವರು ಸೇರಿ ಇದನ್ನು ಸಂಪಾದಿಸಿದರು. ಅವರಲ್ಲಿ ಎಷ್ಟೋ ಜನ ತಾವು ಕೇಳಿದ್ದು ಕೈಗೆ ಬರುವ ಮೊದಲೇ ನಿವೃತ್ತರಾಗಿದ್ದರು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಹೆಣ್ಣುಮಗಳೊಬ್ಬಳು ನಾಳೆ ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದಲೋ ಹುಬ್ಬಳ್ಳಿಯಿಂದಲೋ ಸಮವಸ್ತ್ರ ತೊಟ್ಟು ವಿಮಾನ ಹತ್ತಬಹುದು. ಅವಳಿಗೂ ಅವಳ ತಾಯಿ-ತಂದೆಗೂ ನನ್ನ ವಿನಂತಿ ಇಷ್ಟು. ನೇಮಕಾತಿ ಪತ್ರದ ಪ್ರತಿ ಷರತ್ತನ್ನೂ ಓದಿ ಸಹಿ ಮಾಡಿ. ಒಪ್ಪಂದದ ಅವಧಿ ಎಷ್ಟು, ಹಾರಾಟವಿಲ್ಲದ ತಿಂಗಳ ಸಂಬಳ ಎಷ್ಟು, ಹೆರಿಗೆ ರಜೆಯ ಮಾತು ಇದೆಯೇ ಎಂದು ಕೇಳಿ. ಕೆಲಸಕ್ಕೆ ಸೇರಿದ ಮೇಲೆ ಅಲ್ಲಿ ಸಂಘವಿದ್ದರೆ ಸದಸ್ಯರಾಗಿ, ಸಭೆಯಲ್ಲಿ ಬಾಯಿ ಬಿಟ್ಟು ಮಾತಾಡಿ. ಮತ್ತು ಮನೆಗೆ ಬಂದಾಗ, ರಾಟಿಯ ಮುಂದೆ ಕೂತ ಅವ್ವನ ಕಂಡಿಕೆಗೂ ಒಂದು ಮಜೂರಿ ಸಲ್ಲಬೇಕಲ್ಲವೇ ಎಂದು ಕೇಳುವುದನ್ನು ಮರೆಯಬೇಡಿ.